ಮಾಯದ ಗಾಯ: ಹಚ್ಚುವುದಕ್ಕಿಂತ ಇಳಿಸುವುದು ಮುಖ್ಯ



ಮೈಮೇಲೆ ಆದ ಸಣ್ಣ ಗಾಯ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ಆದರೆ ಕೆಲವರ ಗಾಯ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ. ಮಾಯ್ದಂತೆ ಕಂಡು ಮತ್ತೆ ಬಾಯಿ ಬಿಡುತ್ತದೆ. ಇಂಥದನ್ನು ದೀರ್ಘಕಾಲದ ಗಾಯ ಎನ್ನುತ್ತೇವೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದಿಂದ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ಒಂದೇ: "ಸಿಸ್ಟರ, ಇದಕ್ಕ ಯಾವ ಮುಲಾಮು ಹಚ್ಚಿದ್ರ ಲಗೂನ ಮಾಯ್ತೈತ್ರಿ?"

ಇದೇ ಪ್ರಶ್ನೆಯನ್ನು ಜಗತ್ತಿನ ಅನೇಕ ಆಸ್ಪತ್ರೆಗಳ ವೈದ್ಯರೂ ಕೇಳಿಕೊಂಡಿದ್ದಾರೆ. ರೋಗಿಗಳ ಒಪ್ಪಿಗೆ ಪಡೆದು, ಒಂದು ಚಿಕಿತ್ಸೆಯನ್ನು ಇನ್ನೊಂದರ ಜೊತೆ ಹೋಲಿಸಿ ನೋಡಿದ್ದಾರೆ. ಅವರಿಗೆ ಸಿಕ್ಕ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಗಾಯಕ್ಕೆ ಏನು ಹಚ್ಚುತ್ತೇವೆ ಎಂಬುದಕ್ಕಿಂತ ಗಾಯದ ಮೇಲಿನಿಂದ ಏನನ್ನು ಇಳಿಸುತ್ತೇವೆ ಎಂಬುದು ಮುಖ್ಯ. ಭಾರ ಇಳಿಯಬೇಕು, ಬಾವು ಇಳಿಯಬೇಕು, ಕೊಳೆತ ಮಾಂಸ ಹೋಗಬೇಕು, ಸಕ್ಕರೆ ಹತೋಟಿಗೆ ಬರಬೇಕು. ಈ ಉತ್ತರ ಹೇಗೆ ಸಿಕ್ಕಿತು, ಅದರಿಂದ ನಿಮಗೇನು ಉಪಯೋಗ ಎಂಬುದನ್ನು ಇಲ್ಲಿ ತಿಳಿಸಿದೆ.

ಗಾಯ ಯಾಕೆ ಮಾಯುವುದಿಲ್ಲ?

ಮಾಯದ ಗಾಯದ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಮುಖ್ಯವಾದವು ಇವು:

1. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಹೋಗುವುದು. ಎರೆ ಹೊಲದಲ್ಲಿ ಜಾಲಿಮುಳ್ಳು ನೆಟ್ಟರೂ, ಚಪ್ಪಲಿಯ ಮೊಳೆ ಚುಚ್ಚಿದರೂ ತಿಳಿಯುವುದಿಲ್ಲ. ನೋವಿಲ್ಲದ್ದರಿಂದ ಅದೇ ಜಾಗವನ್ನು ದಿನವೂ ತುಳಿಯುತ್ತ ಹೋಗುತ್ತೀರಿ.

2. ಕಾಲಿನ ಅಶುದ್ಧ ರಕ್ತನಾಳಗಳು ಸಡಿಲಾಗುವುದು. ಜನರು "ನರ ಉಬ್ಬ್ಯಾವ" ಎನ್ನುವುದು ಇದಕ್ಕೇ. ರಕ್ತ ಮೇಲಕ್ಕೆ ಏರದೆ ಕಾಲಿನಲ್ಲಿ ನಿಂತು, ಬಾವು ಬಂದು, ಹರಡಿನ ಹತ್ತಿರ ಚರ್ಮ ಕಪ್ಪಾಗಿ ಒಡೆಯುತ್ತದೆ. ದಿನವಿಡೀ ನಿಂತು ಕೆಲಸ ಮಾಡುವವರು, ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವವರು ಈ ಬಾವನ್ನು ಅಲಕ್ಷಿಸಬಾರದು.

3. ಕಾಲಿಗೆ ಶುದ್ಧ ರಕ್ತ ಸಾಲದಿರುವುದು. ಬೀಡಿ, ಸಿಗರೇಟು, ತಂಬಾಕು ಸೇವಿಸುವವರಲ್ಲಿ ಹಾಗೂ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು.

4. ಹಾಸಿಗೆ ಹಿಡಿದವರಲ್ಲಿ ಟೊಂಕ, ಹಿಮ್ಮಡಿಗಳ ಮೇಲೆ ಒಂದೇ ಸಮನೆ ಒತ್ತಡ ಬೀಳುವುದು.

ಒಬ್ಬರಲ್ಲಿಯೇ ಇವುಗಳಲ್ಲಿ ಎರಡು ಮೂರು ಕಾರಣ ಕೂಡಿರಬಹುದು. ಆದ್ದರಿಂದ "ನಮ್ಮ ಓಣಿಯವರಿಗೆ ಆ ಮುಲಾಮಿನಿಂದ ಮಾಯಿತು, ನಮಗೂ ಮಾಯುತ್ತದೆ" ಎಂಬ ಲೆಕ್ಕ ಸರಿಯಲ್ಲ.

ಸಂಶೋಧನೆ ಎಂದರೆ ಹೇಗೆ ಮಾಡುತ್ತಾರೆ?

ಒಂದು ಔಷಧಿ ಹಚ್ಚಿದ ಮೇಲೆ ಗಾಯ ಮಾಯಿತು ಎಂದ ಮಾತ್ರಕ್ಕೆ ಅದರಿಂದಲೇ ಮಾಯಿತು ಎನ್ನಲು ಬರುವುದಿಲ್ಲ. ತಾನಾಗಿಯೇ ಮಾಯುವ ಗಾಯವೂ ಇರುತ್ತದೆ. ಅದಕ್ಕಾಗಿ ಒಂದೇ ಬಗೆಯ ಗಾಯವಿರುವ ಅನೇಕರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಹೋಗಬೇಕೆಂದು ವೈದ್ಯರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಒಂದು ಗುಂಪಿಗೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ರೂಢಿಯ ಚಿಕಿತ್ಸೆ. ನಿಗದಿತ ವಾರಗಳ ನಂತರ ಯಾವ ಗುಂಪಿನಲ್ಲಿ ಎಷ್ಟು ಜನರ ಗಾಯ ಪೂರ್ತಿ ಮಾಯಿತೆಂದು ಎಣಿಸುತ್ತಾರೆ. ವ್ಯತ್ಯಾಸ ಸಣ್ಣದಿದ್ದರೆ ಅದು ಆಕಸ್ಮಿಕವಾಗಿ ಬಂದದ್ದೂ ಇರಬಹುದು. ಆದ್ದರಿಂದ ಅದನ್ನು ನಂಬುವ ಮೊದಲು ಲೆಕ್ಕ ಹಾಕಿ ನೋಡುತ್ತಾರೆ.

ಸೊಲ್ಲಾಪುರದ ಜೇನುತುಪ್ಪ

ನಮ್ಮ ನೆರೆಯ ಸೊಲ್ಲಾಪುರದ ಒಂದು ಉದಾಹರಣೆ ನೋಡಿರಿ. ಅಲ್ಲಿನ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಡಾ. ಎಂ. ಸುಬ್ರಹ್ಮಣ್ಯಂ ಅವರು ಸುಟ್ಟಗಾಯಕ್ಕೆ ಜೇನುತುಪ್ಪ ಹಚ್ಚುವುದನ್ನು ಪರೀಕ್ಷಿಸಿ, 1991ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಟ್ಟು 104 ರೋಗಿಗಳು. 52 ಜನರಿಗೆ ಜೇನುತುಪ್ಪ, 52 ಜನರಿಗೆ ಆಗ ಎಲ್ಲ ಕಡೆ ಬಳಕೆಯಲ್ಲಿದ್ದ ಬೆಳ್ಳಿ ಅಂಶದ ಬಿಳಿ ಮುಲಾಮು (ಸಿಲ್ವರ್ ಸಲ್ಫಾಡಯಾಜಿನ್). 15 ದಿನಗಳಲ್ಲಿ ಜೇನಿನ ಗುಂಪಿನಲ್ಲಿ ನೂರಕ್ಕೆ 87 ಗಾಯಗಳು ಮಾಯ್ದವು, ಮುಲಾಮಿನ ಗುಂಪಿನಲ್ಲಿ ನೂರಕ್ಕೆ 10 ಮಾತ್ರ.

ಇದನ್ನು ಓದಿದವರಿಗೆ ಎಲ್ಲ ಹುಣ್ಣಿಗೂ ಜೇನುತುಪ್ಪವೇ ಮದ್ದು ಎನಿಸುವುದು ಸಹಜ. ಆದರೆ ವೈದ್ಯರು ಅಲ್ಲಿಗೇ ನಿಲ್ಲಲಿಲ್ಲ. ನ್ಯೂಜಿಲೆಂಡಿನಲ್ಲಿ ಉಬ್ಬಿದ ರಕ್ತನಾಳಗಳಿಂದ ಕಾಲಿಗೆ ಹುಣ್ಣಾಗಿದ್ದ 368 ಜನರಲ್ಲಿ ಜೇನಿನ ಪಟ್ಟಿಯನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಎರಡೂ ಗುಂಪಿನವರ ಕಾಲಿಗೆ ಬಿಗಿಪಟ್ಟಿ ಸುತ್ತಲಾಗಿತ್ತು. 12 ವಾರಗಳ ನಂತರ ಜೇನಿನ ಗುಂಪಿನಲ್ಲಿ ನೂರಕ್ಕೆ ಸುಮಾರು 56 ಜನರ, ರೂಢಿಯ ಪಟ್ಟಿಯ ಗುಂಪಿನಲ್ಲಿ ನೂರಕ್ಕೆ ಸುಮಾರು 50 ಜನರ ಹುಣ್ಣು ಮಾಯ್ದಿತ್ತು. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದದ್ದು. ಮೇಲಾಗಿ ಜೇನಿನ ಗುಂಪಿನಲ್ಲಿ ನೋವು ಮತ್ತಿತರ ತೊಂದರೆ ಹೆಚ್ಚಾಗಿತ್ತು. ಸಕ್ಕರೆ ಕಾಯಿಲೆಯ ಪಾದದ ಬಗ್ಗೆ ಅಂತರರಾಷ್ಟ್ರೀಯ ತಜ್ಞರ ಕೂಟವು 2023ರಲ್ಲಿ ಕೊಟ್ಟ ಸಲಹೆಯಲ್ಲಿ, ಆ ಹುಣ್ಣು ಮಾಯಿಸಲು ಜೇನುತುಪ್ಪ ಬಳಸಬೇಡಿ ಎಂದೇ ಹೇಳಿದೆ.

ಹಾಗಾದರೆ ಸೊಲ್ಲಾಪುರದ ಕೆಲಸ ಸುಳ್ಳೆ? ಅಲ್ಲ. ಮೇಲುಮೇಲಿನ ಸುಟ್ಟಗಾಯಕ್ಕೆ ಶುದ್ಧೀಕರಿಸಿದ ಜೇನು ಉಪಯುಕ್ತವೆಂದು ಮುಂದಿನ ಪರಿಶೀಲನೆಗಳೂ ಹೇಳಿವೆ. ಹೋಲಿಕೆಗೆ ಇಟ್ಟುಕೊಂಡ ಬಿಳಿ ಮುಲಾಮೇ ಸುಟ್ಟಗಾಯ ಮಾಯುವುದನ್ನು ತಡಮಾಡುತ್ತದೆ ಎಂಬುದೂ ನಂತರ ತಿಳಿದುಬಂತು. ಯಾವುದರ ಜೊತೆ ಹೋಲಿಸುತ್ತೇವೆ ಎಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ. ಸುಟ್ಟಗಾಯದಲ್ಲಿ ಬೆಂಕಿ ಒಮ್ಮೆ ತಾಗಿ ಹೋಗಿರುತ್ತದೆ. ಕಾಲಿನ ಹುಣ್ಣಿನಲ್ಲಿ ಕಾರಣ ಇನ್ನೂ ಒಳಗೇ ಕುಳಿತಿರುತ್ತದೆ. ಕಾರಣವನ್ನು ಹಾಗೆಯೇ ಬಿಟ್ಟು ಮೇಲೆ ಏನು ಹಚ್ಚಿದರೂ ಫಲ ಕಡಿಮೆ. ಮನೆಯ ಡಬ್ಬಿಯಲ್ಲಿರುವ ಜೇನುತುಪ್ಪ ಶುದ್ಧೀಕರಿಸಿದ್ದಲ್ಲ, ಅದನ್ನು ಯಾವ ಗಾಯಕ್ಕೂ ಹಚ್ಚಬೇಡಿರಿ.

ಅಂಗಾಲಿನ ಹುಣ್ಣು: ಭಾರ ಇಳಿಸಿರಿ

ಈ ಪಾಠ ಮೊದಲು ಸಿಕ್ಕಿದ್ದು ನಮ್ಮ ದೇಶದ ಕುಷ್ಠರೋಗಿಗಳಿಂದ. ಅವರ ಅಂಗಾಲು ಕೊಳೆಯುವುದು ರೋಗದ ಗುಣ, ಅದಕ್ಕೆ ಉಪಾಯವಿಲ್ಲ ಎಂದು ಹಿಂದೆ ತಿಳಿದಿದ್ದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಅವರು, ಮಾಂಸ ತಾನಾಗಿ ಕೊಳೆಯುವುದಿಲ್ಲ, ನೋವು ತಿಳಿಯದ ಕಾಲು ಒಂದೇ ಜಾಗವನ್ನು ತುಳಿದು ತುಳಿದು ಹುಣ್ಣಾಗುತ್ತದೆ ಎಂದು ತೋರಿಸಿಕೊಟ್ಟರು. ಅಂಗಾಲಿಗೆ ಸರಿಯಾಗಿ ಹೊಂದುವಂತೆ ಪ್ಲಾಸ್ಟರ್ ಹಾಕಿದರೆ ಭಾರ ಪೂರ್ತಿ ಪಾದಕ್ಕೂ ಕಾಲಿಗೂ ಹಂಚಿಹೋಗಿ ಹುಣ್ಣು ಮಾಯುತ್ತಿತ್ತು. ಭಾರತದಲ್ಲಿ 1930ರ ದಶಕದಲ್ಲಿಯೇ ಆರಂಭವಾಗಿದ್ದ ಈ ಪ್ಲಾಸ್ಟರ್ ಚಿಕಿತ್ಸೆಯನ್ನು ಬ್ರ್ಯಾಂಡ್ ಅವರು 1960ರ ದಶಕದಲ್ಲಿ ಅಮೆರಿಕಕ್ಕೆ ಒಯ್ದರು. ಅಲ್ಲಿ ಅದು ಸಕ್ಕರೆ ಕಾಯಿಲೆಯವರ ಪಾದಕ್ಕೂ ಬಳಕೆಗೆ ಬಂತು.

2001ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಗಾಲ ಹುಣ್ಣಿದ್ದ 63 ಜನರಲ್ಲಿ ಮೂರು ವಿಧಾನಗಳನ್ನು ಹೋಲಿಸಿದರು. 12 ವಾರಗಳಲ್ಲಿ ಪ್ಲಾಸ್ಟರ್ ಹಾಕಿದವರಲ್ಲಿ ನೂರಕ್ಕೆ ಸುಮಾರು 90 ಜನರ, ಬಿಚ್ಚಿ ಹಾಕಿಕೊಳ್ಳುವ ಬೂಟಿನವರಲ್ಲಿ 65 ಜನರ, ಅರ್ಧ ಚಪ್ಪಲಿಯವರಲ್ಲಿ 58 ಜನರ ಹುಣ್ಣು ಮಾಯ್ದಿತ್ತು. ಬೂಟೂ ಭಾರ ಇಳಿಸುತ್ತದೆಯಲ್ಲ, ಇಷ್ಟು ವ್ಯತ್ಯಾಸ ಯಾಕೆ? 2003ರಲ್ಲಿ 20 ಜನರ ಹೆಜ್ಜೆಗಳನ್ನು ಯಂತ್ರದಿಂದ ಎಣಿಸಿ ನೋಡಿದಾಗ ಉತ್ತರ ಸಿಕ್ಕಿತು. ದಿನದ ನಡಿಗೆಯಲ್ಲಿ ನೂರಕ್ಕೆ 28 ಪಾಲು ಮಾತ್ರ ಅವರು ಬೂಟು ಹಾಕಿಕೊಂಡಿದ್ದರು. ಉಳಿದದ್ದೆಲ್ಲ ಬೂಟಿಲ್ಲದ ನಡಿಗೆ. 2005ರಲ್ಲಿ ಅದೇ ಬೂಟನ್ನು ಬಿಚ್ಚಲು ಬಾರದಂತೆ ಮೇಲೆ ಪಟ್ಟಿ ಸುತ್ತಿ ನೋಡಿದರು. ಬಿಚ್ಚಬಹುದಾದ ಬೂಟಿನಲ್ಲಿ ನೂರಕ್ಕೆ 52 ಜನರ ಹುಣ್ಣು ಮಾಯ್ದರೆ, ಬಿಚ್ಚಲಾಗದ ಬೂಟಿನಲ್ಲಿ 83 ಜನರದು ಮಾಯಿತು. ಬೂಟು ಒಂದೇ, ಔಷಧಿ ಬೇರೆಯಲ್ಲ.

ಈ ಲೆಕ್ಕ ನಮ್ಮ ಮನೆಗಳಿಗೆ ಚೆನ್ನಾಗಿ ಹೊಂದುತ್ತದೆ. ಹೊರಗೆ ಹೋಗುವಾಗ ಚಪ್ಪಲಿ ಮೆಟ್ಟಿ, ಮನೆಯೊಳಗೆ ಬಂದಕೂಡಲೇ ಬಿಡುತ್ತೇವೆ. ಅಡುಗೆಮನೆ, ದೇವರಮನೆ, ಬಚ್ಚಲು, ರಾತ್ರಿ ಎದ್ದು ಹೋಗುವುದು ಎಲ್ಲ ಬರಿಗಾಲಿನಲ್ಲಿಯೇ. "ನಾ ಎಲ್ಲೂ ಅಡ್ಡಾಡೂದಿಲ್ರಿ" ಎನ್ನುವವರೂ ಮನೆಯೊಳಗೆ ನೂರಾರು ಹೆಜ್ಜೆ ಇಟ್ಟಿರುತ್ತಾರೆ. ಪ್ರತಿ ಹೆಜ್ಜೆಯೂ ಹುಣ್ಣಿನ ಮೇಲೆಯೇ ಬೀಳುತ್ತದೆ.

ಅಂಗಾಲ ಹುಣ್ಣಿಗೆ ಬಿಚ್ಚಲು ಬಾರದ ಪ್ಲಾಸ್ಟರ್ ಅಥವಾ ಬೂಟೇ ಮೊದಲ ಆಯ್ಕೆ ಎಂದು 2023ರ ಸಲಹೆಯೂ ಹೇಳುತ್ತದೆ. ಆದರೆ ಕಾಲಿಗೆ ರಕ್ತ ತೀರ ಕಡಿಮೆ ಇದ್ದವರಿಗೆ, ಕೀವು ಹೆಚ್ಚಾಗಿ ಸೋಂಕು ಹರಡಿದವರಿಗೆ ಅದನ್ನು ಹಾಕುವುದಿಲ್ಲ. ಯಾರಿಗೆ ಹಾಕಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಕಡಿಮೆ ಖರ್ಚಿನ ದಾರಿಗಳೂ ಇವೆ. ಕರ್ನಾಟಕದವರೇ ಆದ ಶಸ್ತ್ರವೈದ್ಯ ಡಾ. ಸುನೀಲ ಕರಿ ಅವರು 'ಮಂದಾಕಿನಿ', 'ಸಮಾಧಾನ' ಎಂಬ ಎರಡು ಅಗ್ಗದ ಸಾಧನಗಳನ್ನು 2010ರಲ್ಲಿ ಭಾರತೀಯ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ವಿವರಿಸಿದ್ದಾರೆ. ಹುಣ್ಣು ನೆಲಕ್ಕೆ ತಾಗದಂತೆ ಮಾಡುವುದೇ ಅವುಗಳ ಗುಟ್ಟು. ಹುಣ್ಣು ಮಾಯ್ದ ಮೇಲೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಬೇಕಾಗುತ್ತದೆ. ಇದೂ ವೆಲ್ಲೂರಿನ ಕುಷ್ಠರೋಗ ಚಿಕಿತ್ಸೆಯಿಂದಲೇ ಬಂದದ್ದು. "ಇದು ಕುಷ್ಠದವರ ಚಪ್ಪಲಿ" ಎಂದು ಸಂಕೋಚಪಟ್ಟು ಬಿಡಬೇಡಿರಿ. ಅದು ನಿಮ್ಮ ಕಾಲು ಉಳಿಸುವ ಚಪ್ಪಲಿ.

ಹರಡಿನ ಮೇಲಿನ ಹುಣ್ಣು: ಬಾವು ಇಳಿಸಿರಿ

ಉಬ್ಬಿದ ರಕ್ತನಾಳಗಳ ಹುಣ್ಣಿಗೆ ಮುಖ್ಯ ಚಿಕಿತ್ಸೆ ಬಿಗಿಪಟ್ಟಿ. ಪಾದದ ಬುಡದಿಂದ ಮೊಣಕಾಲಿನವರೆಗೆ ಅದನ್ನು ಕ್ರಮವಾಗಿ ಸುತ್ತಬೇಕು. ರಕ್ತನಾಳ ಸರಿಪಡಿಸುವುದರಿಂದ ಇನ್ನೇನು ಲಾಭ ಎಂಬುದನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದ್ದಾರೆ. 2004ರಲ್ಲಿ ಪ್ರಕಟವಾದ 500 ಜನರ ಅಧ್ಯಯನದಲ್ಲಿ ಬಿಗಿಪಟ್ಟಿಯ ಜೊತೆ ರಕ್ತನಾಳದ ಆಪರೇಶನ್ ಆದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 12 ಜನರಿಗೆ ಹುಣ್ಣು ಮರಳಿ ಬಂದಿತ್ತು. ಬಿಗಿಪಟ್ಟಿ ಮಾತ್ರ ಕಟ್ಟಿದವರಲ್ಲಿ 28 ಜನರಿಗೆ ಮರಳಿತ್ತು. 2018ರಲ್ಲಿ ಪ್ರಕಟವಾದ 450 ಜನರ ಅಧ್ಯಯನದಲ್ಲಿ ರಕ್ತನಾಳವನ್ನು ತಡಮಾಡದೆ ಒಳಗಿನಿಂದ ಮುಚ್ಚಿದವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನಗಳಲ್ಲಿ ಮಾಯಿತು. ತಡಮಾಡಿದವರಲ್ಲಿ ಅದಕ್ಕೆ 82 ದಿನ ಬೇಕಾಯಿತು. ಆದ್ದರಿಂದ "ಮೊದಲ ಹುಣ್ಣು ಮಾಯಲಿ, ಆಮೇಲೆ ನೋಡೋಣ" ಎನ್ನಬೇಡಿರಿ.

ಒಂದು ಎಚ್ಚರಿಕೆ: ಪಾದದ ನಾಡಿ ಪರೀಕ್ಷಿಸದೆ ಬಿಗಿಪಟ್ಟಿ ಕಟ್ಟಬಾರದು. ಶುದ್ಧ ರಕ್ತ ಸಾಲದ ಕಾಲಿಗೆ ಬಿಗಿದು ಕಟ್ಟಿದರೆ ಬೆರಳು ಕಪ್ಪಾಗಬಹುದು.

ಹೊಸ ಪಟ್ಟಿ, ಹೊಸ ಯಂತ್ರಗಳ ಮಾತೇನು?

ಮೇಲಿನ ಪಟ್ಟಿಗೆ ಬೆಲೆಯೇ ಇಲ್ಲ ಎಂದಲ್ಲ. ಗಾಯವನ್ನು ಹಸಿಯಾಗಿಟ್ಟರೆ ಬೇಗ ಮಾಯುತ್ತದೆ ಎಂಬುದನ್ನು ಬ್ರಿಟನ್ನಿನ ಜಾರ್ಜ್ ವಿಂಟರ್ ಅವರು 1962ರಲ್ಲಿ ಹಂದಿಗಳ ಚರ್ಮದ ಮೇಲೆ ಪರೀಕ್ಷಿಸಿ ತೋರಿಸಿದರು. ಮುಚ್ಚಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ಬೇಗ ಬಂದಿತ್ತು. "ಗಾಳಿ ಬಡಿಲಿ, ಒಣಗಲಿ" ಎಂದು ತೆರೆದಿಡುವುದು ಅದಕ್ಕಾಗಿಯೇ ಸರಿಯಲ್ಲ. ಆದರೆ ರಕ್ತವಿಲ್ಲದೆ ಕಪ್ಪಾಗಿ ಒಣಗಿದ ಬೆರಳನ್ನು ಒಣಗಿಯೇ ಇಡಬೇಕು, ಅದನ್ನು ನೀರಿನಲ್ಲಿ ನೆನೆಸಬಾರದು.

ಪಾದದ ಒಂದು ಭಾಗ ತೆಗೆದವರ ದೊಡ್ಡ ಗಾಯಕ್ಕೆ ಹೀರುಯಂತ್ರದ ಪಟ್ಟಿ ಹಾಕಿ 162 ಜನರಲ್ಲಿ ಪರೀಕ್ಷಿಸಿದ್ದನ್ನು 2005ರಲ್ಲಿ ಪ್ರಕಟಿಸಿದರು. 16 ವಾರಗಳಲ್ಲಿ ಹೀರುಯಂತ್ರದ ಗುಂಪಿನಲ್ಲಿ ನೂರಕ್ಕೆ 56 ಜನರ, ಸಾಮಾನ್ಯ ಪಟ್ಟಿಯಲ್ಲಿ 39 ಜನರ ಗಾಯ ಮಾಯಿತು. ನಮ್ಮ ರಾಜ್ಯದ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಡಾ. ಪ್ರಮೋದ ಕುಮಾರ್ ಅವರೂ ಬಿಟ್ಟು ಬಿಟ್ಟು ಹೀರುವ, ಗಾಯವನ್ನು ಹಸಿಯಾಗಿಡುವ ಒಂದು ವಿಧಾನ ರೂಪಿಸಿದ್ದಾರೆ. ನರ ಮತ್ತು ರಕ್ತ ಎರಡರ ತೊಂದರೆಯೂ ಇರುವ ಸಕ್ಕರೆ ಕಾಯಿಲೆಯ ಹುಣ್ಣಿಗೆ ಒಂದು ವಿಶೇಷ ಪಟ್ಟಿಯನ್ನು ಯುರೋಪಿನಲ್ಲಿ 240 ಜನರಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಅಲ್ಲಿ 20 ವಾರಗಳಲ್ಲಿ ನೂರಕ್ಕೆ 48 ಜನರ ಹುಣ್ಣು ಮಾಯಿತು, ಅದಿಲ್ಲದವರಲ್ಲಿ 30 ಜನರದು. ಆದರೆ ಇಲ್ಲಿಯೂ ಒಂದು ಮಾತು ಗಮನಿಸಿರಿ. ಎರಡೂ ಗುಂಪಿನವರಿಗೆ ಗಾಯ ಸ್ವಚ್ಛ ಮಾಡುವುದು, ಭಾರ ಇಳಿಸುವುದು ಮೊದಲೇ ಆಗುತ್ತಿತ್ತು. ಹೊಸ ಪಟ್ಟಿ ಬರುವುದು ಅದರ ಮೇಲೆ, ಅದರ ಬದಲಿಗೆ ಅಲ್ಲ.

ನಾಲ್ಕು ವಾರದ ಲೆಕ್ಕ

ಸಕ್ಕರೆ ಕಾಯಿಲೆಯ ಹುಣ್ಣಿದ್ದ 203 ಜನರನ್ನು ನೋಡಿದ 2003ರ ಅಧ್ಯಯನವೊಂದು ಉಪಯುಕ್ತ ಲೆಕ್ಕ ಕೊಟ್ಟಿದೆ. ನಾಲ್ಕು ವಾರಗಳಲ್ಲಿ ಹುಣ್ಣು ಅರ್ಧಕ್ಕಿಂತ ತುಸು ಹೆಚ್ಚು ಕಿರಿದಾದವರಲ್ಲಿ, 12 ವಾರದೊಳಗೆ ನೂರಕ್ಕೆ 58 ಜನರದು ಪೂರ್ತಿ ಮಾಯಿತು. ಅಷ್ಟು ಕಿರಿದಾಗದವರಲ್ಲಿ 9 ಜನರದು ಮಾತ್ರ. ಅದಕ್ಕೇ ದವಾಖಾನೆಯಲ್ಲಿ ಪ್ರತಿ ವಾರ ಅಳತೆಪಟ್ಟಿ ಹಿಡಿದು ಗಾಯ ಅಳೆಯುವುದು. ಆ ಅಳತೆಯನ್ನು ನಿಮ್ಮ ಚೀಟಿಯ ಮೇಲೆ ಬರೆಯಿಸಿಕೊಳ್ಳಿರಿ. ನಾಲ್ಕು ವಾರವಾದರೂ ಅರ್ಧಕ್ಕೆ ಇಳಿಯದಿದ್ದರೆ "ಮುಂದೇನು ಮಾಡಬೇಕು?" ಎಂದು ವೈದ್ಯರನ್ನು ಕೇಳಿರಿ. ಹಾಗೆ ಕೇಳುವುದು ನಿಮ್ಮ ಹಕ್ಕು.

ಮನೆಯಲ್ಲಿ ಪಾಲಿಸಬೇಕಾದವು

1. ಸಕ್ಕರೆ ಕಾಯಿಲೆ ಇರುವವರ ಪಾದದ ಸ್ಪರ್ಶವನ್ನು ಮನೆಯವರೇ ನೋಡಬಹುದು. ರೋಗಿ ಕಣ್ಣು ಮುಚ್ಚಿರಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗಳನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಿರಿ, ಒತ್ತಬೇಡಿರಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ವೈದ್ಯರಿಗೆ ತೋರಿಸಿರಿ. ಬ್ರಿಟನ್ನಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು 2011ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ.

2. ದಿನವೂ ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದಿ ನೋಡಿರಿ. ಬಾಗಲು ಬಾರದವರು ಕನ್ನಡಿ ಇಟ್ಟು ನೋಡಿರಿ, ಇಲ್ಲವೆ ಮನೆಯವರಿಗೆ ಹೇಳಿರಿ.

3. ಮನೆಯೊಳಗೆ ಬಳಸಲು ಬೇರೆಯೇ ಒಂದು ಜೊತೆ ಸ್ವಚ್ಛ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿರಿ. ಹಿರಿಯರು ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟಿದರೆ ಸೊಸೆ, ಮೊಮ್ಮಕ್ಕಳು ಬೇಡವೆನ್ನಬಾರದು.

4. ಸ್ಪರ್ಶ ಕಳೆದುಕೊಂಡವರು ಯುಗಾದಿಯ ಹೊತ್ತಿನ ಶ್ರೀಶೈಲ ಪಾದಯಾತ್ರೆಗೆ, ಬನಶಂಕರಿ ಜಾತ್ರೆಗೆ ಬರಿಗಾಲಿನಲ್ಲಿ ಹೋಗಕೂಡದು. ಬಿಸಿಲಿಗೆ ಕಾದ ಡಾಂಬರು, ಬಾದಾಮಿಯ ಕಲ್ಲು ಮೆಟ್ಟಿಲು ಪಾದ ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಹರಕೆ ಇದ್ದರೆ ಹೊರಡುವ ಮೊದಲು ವೈದ್ಯರ ಜೊತೆ ಮಾತಾಡಿರಿ.

5. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿರಿ. ಅರಿಷಿಣ, ಸುಣ್ಣ, ಬೂದಿ, ಕಾಫಿಪುಡಿ, ಟೂತ್‌ಪೇಸ್ಟ್ ಯಾವುದನ್ನೂ ಗಾಯಕ್ಕೆ ತುಂಬಬೇಡಿರಿ. ಬೆಂಕಿ ತಾಗಿದ ಕೂಡಲೇ 20 ನಿಮಿಷ ಹರಿಯುವ ತಣ್ಣೀರು ಬಿಡಿರಿ.

6. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಿರಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡಿರಿ.

7. ಬೀಡಿ, ತಂಬಾಕು ಬಿಡಿರಿ. ಬೇಳೆ, ಕಾಳು, ಹಾಲು, ಮೊಸರು ಊಟದಲ್ಲಿರಲಿ. ಸಕ್ಕರೆಯ ಗುಳಿಗೆ, ಇನ್ಸುಲಿನ್ ತಪ್ಪಿಸಬೇಡಿರಿ.

ನಿಮ್ಮನ್ನು ಸಂಶೋಧನೆಗೆ ಕೇಳಿದರೆ

ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಿಗೆ ಹೋದಾಗ "ನಮ್ಮ ಅಧ್ಯಯನಕ್ಕೆ ಸೇರುತ್ತೀರಾ?" ಎಂದು ಕೇಳಬಹುದು. ಹೆದರಬೇಕಾಗಿಲ್ಲ. ಸಂಗತಿಯನ್ನು ನಿಮಗೆ ತಿಳಿಯುವ ಕನ್ನಡದಲ್ಲಿ ವಿವರಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಓದಲು ಬಾರದವರಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರಿಗೆ ಓದಿ ಹೇಳಬೇಕು. ಅಧ್ಯಯನಕ್ಕೆ ನೀತಿ ಸಮಿತಿಯ ಒಪ್ಪಿಗೆ ಇರಬೇಕು. ಚಿಕಿತ್ಸೆಯ ಪರೀಕ್ಷೆಗಳನ್ನು ದಾಖಲಿಸುವ ರಾಷ್ಟ್ರೀಯ ನೋಂದಣಿ 2007ರಿಂದ ಇದೆ. ನೀವು ಬೇಡವೆನ್ನಬಹುದು, ನಡುವೆಯೇ ಬಿಡಬಹುದು. ಅದರಿಂದ ನಿಮ್ಮ ರೂಢಿಯ ಚಿಕಿತ್ಸೆ ನಿಲ್ಲಕೂಡದು. "ನನಗೆ ಯಾವ ಗುಂಪು ಬರಬಹುದು? ಖರ್ಚು ಯಾರದು? ತೊಂದರೆಯಾದರೆ ಯಾರು ನೋಡುತ್ತಾರೆ?" ಈ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ. ಮೇಲೆ ಹೇಳಿದ ತಿಳಿವಳಿಕೆಯಲ್ಲಿ ಹೆಚ್ಚಿನದು ನಿಮ್ಮಂಥ ರೋಗಿಗಳು ಒಪ್ಪಿ ಸೇರಿದ್ದರಿಂದಲೇ ಸಿಕ್ಕಿದೆ.

ಅದೇ ದಿನ ದವಾಖಾನೆಗೆ ಬರಬೇಕಾದ ಲಕ್ಷಣಗಳು

ಗಾಯದ ಸುತ್ತ ಕೆಂಪು ಹರಡುವುದು, ಕೆಟ್ಟ ವಾಸನೆ ಅಥವಾ ಕೀವು, ಜ್ವರ ಮತ್ತು ಚಳಿ, ಬೆರಳು ನೀಲಿ ಅಥವಾ ಕಪ್ಪಾಗುವುದು, ಗಾಯದೊಳಗೆ ಎಲುಬು ಕಾಣುವುದು, ಗಾಯವಿಲ್ಲದಿದ್ದರೂ ಒಂದು ಪಾದ ಒಮ್ಮೆಲೇ ಬಿಸಿಯಾಗಿ ಬಾಯುವುದು, ಸಕ್ಕರೆ ಏಕಾಏಕಿ ಏರುವುದು. ಇವುಗಳಲ್ಲಿ ಒಂದು ಕಂಡರೂ ಸಂತೆಯ ದಿನ, ಅಮಾವಾಸ್ಯೆ ಎಂದು ಕಾಯಬೇಡಿರಿ. ನೋವಿಲ್ಲ ಎಂಬುದು ಸಮಾಧಾನಪಡುವ ಮಾತಲ್ಲ. ಸಕ್ಕರೆ ಕಾಯಿಲೆಯ ಕಾಲಿನಲ್ಲಿ ಅದೇ ಅಪಾಯದ ಗುರುತು.

ಬರುವಾಗ ಹಳೆಯ ಚೀಟಿ, ಗುಳಿಗೆಗಳ ಜೊತೆಗೆ ನೀವು ದಿನವೂ ಮೆಟ್ಟುವ ಚಪ್ಪಲಿಯನ್ನೂ ತಪ್ಪದೆ ತನ್ನಿರಿ. ಹುಣ್ಣು ಎಲ್ಲಿಂದ ಬಂತೆಂಬುದನ್ನು ಅನೇಕ ಸಲ ಚಪ್ಪಲಿಯೇ ಹೇಳುತ್ತದೆ.